ನೆರೆಮನೆಯ ಬಿಳಿ ಮುಸುಕು

ಕೇಡು ಎಂಬುದು ಊರ ಹೊರಗಿನಿಂದ, ಕುದುರೆಯೇರಿ, ಕತ್ತಿ ಹಿರಿದು ಬರುತ್ತದೆ ಎಂಬ ಚಿತ್ರವನ್ನು ನಮ್ಮ ಕಥೆ ಪುರಾಣಗಳು ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಮೂಡಿಸಿವೆ. ಹಾಗೆ ಬಂದದ್ದನ್ನು ಗುರುತಿಸುವುದು ಸುಲಭ. ಕೋಟೆಯ ಬಾಗಿಲು ಹಾಕಿಕೊಂಡರೆ ಆಯಿತು. ಆದರೆ ಅದು ನಗುನಗುತ್ತ, ರಸೀದಿ ಪುಸ್ತಕ ಹಿಡಿದು, ನಮ್ಮದೇ ಬೀದಿಯಲ್ಲಿ ನಡೆದು ಬಂದರೆ? ಬಂದವನು ನಮ್ಮ ಮಕ್ಕಳ ಮೇಷ್ಟರೋ, ನಮಗೆ ಔಷಧಿ ಕೊಡುವವನೋ, ಪ್ರತಿವಾರ ಧರ್ಮೋಪದೇಶ ಮಾಡುವ ಪಾದ್ರಿಯೋ ಆಗಿದ್ದರೆ? ಕಳೆದ ಶತಮಾನದ ಮೂರನೆಯ ದಶಕದಲ್ಲಿ ಅಮೆರಿಕದ ಎಷ್ಟೋ ಸಣ್ಣ ಊರುಗಳು ಎದುರಿಸಬೇಕಾಗಿ ಬಂದದ್ದು ಈ ಪ್ರಶ್ನೆಯನ್ನು. ಅವು ಕೊಟ್ಟ ಉತ್ತರಗಳನ್ನು ಸ್ವಲ್ಪ ವಿವರವಾಗಿ ನೋಡುವುದು ಈ ಭಾಷಣದ ಉದ್ದೇಶ.

ಕು ಕ್ಲಕ್ಸ್ ಕ್ಲಾನ್ ಎಂಬ ಸಂಘ ಮೊದಲು ಹುಟ್ಟಿದ್ದು 1865-66ರ ಚಳಿಗಾಲದಲ್ಲಿ, ಟೆನೆಸ್ಸಿ ಪ್ರಾಂತದ ಪುಲಾಸ್ಕಿ ಎಂಬ ಊರಿನಲ್ಲಿ. ಅಂತರ್ಯುದ್ಧದಲ್ಲಿ ಸೋತು ಬಂದ ದಕ್ಷಿಣದ ಕೆಲವು ಯೋಧರು ಅದನ್ನು ಕಟ್ಟಿದರು. ಆಗತಾನೆ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಜನ ಮತ ಹಾಕದಂತೆ, ಓದು ಕಲಿಯದಂತೆ ಹೆದರಿಸುವುದು, ಹೆದರದವರನ್ನು ಕೊಲ್ಲುವುದು ಅದರ ಕಸುಬಾಯಿತು. 1870-71ರ ಕೇಂದ್ರ ಕಾಯಿದೆಗಳು ಅದನ್ನು ಅಡಗಿಸಿದವು. ಇಲ್ಲಿಗೆ ಮೊದಲ ಅಧ್ಯಾಯ ಮುಗಿಯಿತು. ನಮಗೆ ಮುಖ್ಯವಾದದ್ದು ಎರಡನೆಯ ಅಧ್ಯಾಯ.

1915ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ತನ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಚಲನಚಿತ್ರ ತೆರೆಗೆ ಬಂದಿತು. ಹಳೆಯ ಮುಸುಕುಧಾರಿಗಳನ್ನು ಅದು ಧರ್ಮರಕ್ಷಕ ವೀರರಂತೆ ಚಿತ್ರಿಸಿತ್ತು. ಅದೇ ವರ್ಷ ವಿಲಿಯಂ ಸಿಮನ್ಸ್ ಎಂಬ ಮಾಜಿ ಪಾದ್ರಿ, ಜಾರ್ಜಿಯಾದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಶಿಲುಬೆಯೊಂದಕ್ಕೆ ಬೆಂಕಿಯಿಟ್ಟು ಸಂಘವನ್ನು ಮತ್ತೆ ಹುಟ್ಟುಹಾಕಿದ. ಆದರೂ ಐದು ವರ್ಷಗಳಲ್ಲಿ ಅದಕ್ಕೆ ಕೂಡಿಬಂದವರು ಕೆಲವೇ ಸಾವಿರ ಮಂದಿ. ದ್ವೇಷವೊಂದೇ ಇದ್ದರೆ ಅದು ತಾನಾಗಿ ಹಬ್ಬುವುದಿಲ್ಲ. ಅದನ್ನು ಹೊತ್ತು ಮಾರುವವರು ಬೇಕು. 1920ರಲ್ಲಿ ಎಡ್ವರ್ಡ್ ಯಂಗ್ ಕ್ಲಾರ್ಕ್ ಮತ್ತು ಎಲಿಜಬೆತ್ ಟೈಲರ್ ಎಂಬ ಇಬ್ಬರು ಪ್ರಚಾರ ವ್ಯವಸಾಯಿಗಳೊಡನೆ ಸಿಮನ್ಸ್ ಕರಾರು ಮಾಡಿಕೊಂಡ. ಅಲ್ಲಿಂದ ಮುಂದೆ ಈ ಸಂಘ ಬೆಳೆದದ್ದು ಹೊಲಿಗೆ ಯಂತ್ರದ ಕಂಪನಿಗಳು ಬೆಳೆಯುವಂತೆ, ಏಜೆಂಟರ ಮೂಲಕ.

ಏಜೆಂಟನಿಗೆ ‘ಕ್ಲೀಗಲ್’ ಎಂದು ಹೆಸರು. ಹೊಸ ಸದಸ್ಯ ಕೊಡಬೇಕಾದ ಶುಲ್ಕ 10 ಡಾಲರು. ಅದರಲ್ಲಿ 4 ಡಾಲರು ಕ್ಲೀಗಲನ ಕಿಸೆಗೆ, ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿ ಮೇಲಿನವರಿಗೆ. ನಿಲುವಂಗಿ, ಮುಸುಕುಗಳಿಗೆ ಬೇರೆ ಹಣ. ಕ್ಲೀಗಲ್ ಒಂದು ಊರಿಗೆ ಬಂದರೆ ಮೊದಲು ಹೋಗುತ್ತಿದ್ದುದು ಪ್ರಾಟೆಸ್ಟೆಂಟ್ ಪಾದ್ರಿಯ ಮನೆಗೆ. ಪಾದ್ರಿಗಳಿಗೆ ಸದಸ್ಯತ್ವ ಉಚಿತ. ಅನಂತರ ಒಂದು ಭಾನುವಾರ ಪ್ರಾರ್ಥನೆಯ ನಡುವೆ ಬಿಳಿಯ ಮುಸುಕಿನ ಕೆಲವರು ಮೌನವಾಗಿ ಚರ್ಚಿನೊಳಕ್ಕೆ ನಡೆದು ಬಂದು, ಹಣದ ಲಕೋಟೆಯೊಂದನ್ನು ಪಾದ್ರಿಯ ಕೈಗಿತ್ತು, ಬಂದಂತೆಯೇ ಹೊರಟು ಹೋಗುತ್ತಿದ್ದರು. ಮರುದಿನ ಊರೆಲ್ಲ ಅದೇ ಮಾತು. ಆಮೇಲೆ ವನಭೋಜನ, ಬ್ಯಾಂಡು, ಮೆರವಣಿಗೆ, ಬಡವರಿಗೆ ಬುಟ್ಟಿ ತುಂಬ ಆಹಾರ. ಹೆಂಗಸರಿಗೆ ಒಂದು ಶಾಖೆ, ಮಕ್ಕಳಿಗೆ ಇನ್ನೊಂದು. ಕ್ಲೀಗಲ್ ಆಯಾ ಊರಿನ ನಾಡಿ ಹಿಡಿದು ಮದ್ದು ಕೊಡುವವನು: ಒಂದೆಡೆ ಕ್ಯಾಥೊಲಿಕರ ಭಯ, ಒಂದೆಡೆ ಯೆಹೂದ್ಯ ವ್ಯಾಪಾರಿಯ ಮೇಲಿನ ಅಸೂಯೆ, ಒಂದೆಡೆ ಕಳ್ಳಭಟ್ಟಿಯ ಮೇಲಿನ ಸಿಟ್ಟು, ಎಲ್ಲೆಡೆಯೂ ಕಪ್ಪು ಜನರ ಮತ್ತು ವಲಸೆಗಾರರ ಬಗೆಗಿನ ತಾತ್ಸಾರ.

ಈ ವ್ಯಾಪಾರ ಅತ್ಯಂತ ಹುಲುಸಾಗಿ ನಡೆದದ್ದು ದಕ್ಷಿಣದಲ್ಲಲ್ಲ, ಉತ್ತರದ ಇಂಡಿಯಾನಾ ಪ್ರಾಂತದಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲಿ ಕಪ್ಪು ಜನರ ಸಂಖ್ಯೆ ನೂರಕ್ಕೆ ಮೂರರಷ್ಟು ಮಾತ್ರ. ಕ್ಯಾಥೊಲಿಕರು, ಯೆಹೂದ್ಯರು ಕೂಡ ಅಲ್ಪಸಂಖ್ಯಾತರೇ. ಆದರೂ ಡಿ. ಸಿ. ಸ್ಟೀಫನ್‌ಸನ್ ಎಂಬ ಮಾತಿನ ಮಲ್ಲನ ನಾಯಕತ್ವದಲ್ಲಿ, ಆ ಪ್ರಾಂತದಲ್ಲಿದ್ದ, ಅಮೆರಿಕದಲ್ಲೇ ಹುಟ್ಟಿದ ಬಿಳಿಯ ಗಂಡಸರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಸದಸ್ಯರಾದರೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. 1923ರ ಜುಲೈ 4ರಂದು ಕೊಕೊಮೊ ಎಂಬ ಪಟ್ಟಣದಲ್ಲಿ ನಡೆದ ಸಮಾವೇಶ ನಮ್ಮ ದೊಡ್ಡ ಜಾತ್ರೆಗಳನ್ನು ನೆನಪಿಗೆ ತರುವಂಥದು. ಸೇರಿದ್ದ ಜನ ಪುಂಡರ ಗುಂಪಲ್ಲ. ರೈತರು, ಅಂಗಡಿಕಾರರು, ಗುಮಾಸ್ತರು, ಗೃಹಿಣಿಯರು. ಬಹುಮಂದಿ ಜೀವನದಲ್ಲಿ ಯಾರ ಮೇಲೂ ಕೈಮಾಡಿದವರಲ್ಲ. ತಾವು ದ್ವೇಷಿಸುವ ಸಂಘಕ್ಕೆ ಸೇರಿದ್ದೇವೆಂದು ಅವರು ಭಾವಿಸಿರಲೇ ಇಲ್ಲ. ಒಳ್ಳೆಯವರ ಕೂಟಕ್ಕೆ ಸೇರಿದ್ದೇವೆಂದುಕೊಂಡಿದ್ದರು. ಆ ಒಳ್ಳೆಯತನದ ಮೆರವಣಿಗೆ ತನ್ನ ಕಿಟಕಿಯ ಮುಂದೆ ಹಾದುಹೋಗುವಾಗ ದೀಪ ಆರಿಸಿ, ಮಕ್ಕಳನ್ನು ಒಳಗೆಳೆದುಕೊಂಡು ಕೂತ ಮನೆಗಳ ವಿಚಾರ ಅವರ ಮನಸ್ಸಿಗೆ ಹೊಳೆಯಲಿಲ್ಲ.

ಇದಕ್ಕೆ ಸಮಾಜ ಹೇಗೆ ಸ್ಪಂದಿಸಿತು? ಗಾಳಿ ಬಂದಾಗ ತೂರಿಕೊಂಡವರು ಹಲವರು. ರಾಜಕಾರಣಿಗಳು ಓಟಿನ ಲೆಕ್ಕ ಹಾಕಿದರು. ವರ್ತಕರು ಗಿರಾಕಿಗಳ ಲೆಕ್ಕ ಹಾಕಿದರು. ಮಿಕ್ಕವರು ‘ನಮಗೇಕೆ’ ಎಂದು ಸುಮ್ಮನಾದರು. ಆದರೆ ಸುಮ್ಮನಿರದವರೂ ಇದ್ದರು, ಮತ್ತು ಅವರು ಹಿಡಿದ ದಾರಿಗಳು ಬೇರೆ ಬೇರೆಯಾಗಿದ್ದವು.

ಮೊದಲನೆಯದು ಬಯಲಿಗೆಳೆಯುವ ದಾರಿ. 1921ರ ಸೆಪ್ಟೆಂಬರಿನಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆ ಸತತ ಮೂರು ವಾರಗಳ ಕಾಲ ಸಂಘದ ಹಿಂಸಾಕೃತ್ಯಗಳನ್ನೂ ಹಣದ ವ್ಯವಹಾರವನ್ನೂ ಪ್ರಕಟಿಸಿತು. ದೇಶದ ಇತರ ಹಲವು ಪತ್ರಿಕೆಗಳು ಅದನ್ನು ಮರುಮುದ್ರಿಸಿದವು. ಅಕ್ಟೋಬರಿನಲ್ಲಿ ಕಾಂಗ್ರೆಸ್ಸಿನ ಸಮಿತಿಯ ಮುಂದೆ ವಿಚಾರಣೆ ನಡೆಯಿತು. ಪತ್ರಿಕೆಗೆ 1922ರ ಪುಲಿಟ್ಜರ್ ಪ್ರಶಸ್ತಿ ಬಂದಿತು. ಆದರೆ ಸಂಘದ ಸದಸ್ಯ ಸಂಖ್ಯೆ ಇಳಿಯುವ ಬದಲು ಏರಿತು. ಅದುವರೆಗೆ ಈ ಹೆಸರನ್ನೇ ಕೇಳದಿದ್ದ ಊರುಗಳಿಗೆ ಪುಕ್ಕಟೆ ಪ್ರಚಾರ ದೊರೆತಂತಾಯಿತು. ಮಾದರಿಗೆಂದು ಪತ್ರಿಕೆಯಲ್ಲಿ ಅಚ್ಚಾದ ಸದಸ್ಯತ್ವದ ಅರ್ಜಿಯನ್ನೇ ಕತ್ತರಿಸಿ ತುಂಬಿ ಕಳಿಸಿದವರೂ ಇದ್ದರೆಂದು ಹೇಳುತ್ತಾರೆ. ಸತ್ಯವನ್ನು ಹೇಳಿದೊಡನೆ ಜನ ಅಸತ್ಯವನ್ನು ತೊರೆಯುತ್ತಾರೆಂಬ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ಇದು.

ಎರಡನೆಯದು ಮುಸುಕನ್ನೇ ಕಿತ್ತುಹಾಕುವ ದಾರಿ. ಶಿಕಾಗೋ ನಗರದಲ್ಲಿ ‘ಟಾಲರೆನ್ಸ್’, ಎಂದರೆ ‘ಸಹನೆ’, ಎಂಬ ಹೆಸರಿನ ವಾರಪತ್ರಿಕೆ 1922ರಲ್ಲಿ ಸದಸ್ಯರ ಹೆಸರು, ಉದ್ಯೋಗ, ವಿಳಾಸಗಳನ್ನು ಪಟ್ಟಿಮಾಡಿ ಅಚ್ಚುಹಾಕತೊಡಗಿತು. ಪರಿಣಾಮ ತತ್‌ಕ್ಷಣದ್ದು. ಗಿರಾಕಿಗಳು ಅಂಗಡಿ ಬದಲಾಯಿಸಿದರು. ಠೇವಣಿದಾರರು ಹಣ ಹಿಂತೆಗೆಯಲು ಮೊದಲುಮಾಡಿದ್ದರಿಂದ ಬ್ಯಾಂಕಿನ ಅಧ್ಯಕ್ಷನೊಬ್ಬ ರಾಜೀನಾಮೆ ಕೊಡಬೇಕಾಯಿತು. ಗುಟ್ಟಿನಲ್ಲಿ ಇರುವ ಧೈರ್ಯ ಬಹುಪಾಲು ಗುಟ್ಟಿನ ಧೈರ್ಯವೇ ಎಂಬುದು ರುಜುವಾತಾಯಿತು. ಆದರೆ ಈ ಅಸ್ತ್ರಕ್ಕೂ ದೋಷವಿತ್ತು. ಚ್ಯೂಯಿಂಗ್ ಗಮ್ ಉದ್ಯಮಿ ವಿಲಿಯಂ ರಿಗ್ಲಿಯ ಹೆಸರನ್ನು ನಕಲಿ ಸಹಿಯ ಆಧಾರದ ಮೇಲೆ ಅಚ್ಚುಹಾಕಿ ಪತ್ರಿಕೆ ಮೊಕದ್ದಮೆಗೆ ಸಿಕ್ಕಿಬಿತ್ತು. ನ್ಯಾಯಕ್ಕಾಗಿ ಎತ್ತಿದ ಬೆರಳು ಒಮ್ಮೆ ತಪ್ಪಿದರೆ ಸಾಕು, ಜನ ಮತ್ತೆ ಆ ಬೆರಳನ್ನು ಸುಲಭವಾಗಿ ನಂಬುವುದಿಲ್ಲ.

ಮೂರನೆಯದು ನಗೆ. ಇಂಡಿಯಾನಾದ ಮನ್ಸಿ ಎಂಬ ಊರಿನಲ್ಲಿ ಜಾರ್ಜ್ ಡೇಲ್ ಎಂಬ ಸಂಪಾದಕನಿದ್ದ. ಅವನ ಪುಟ್ಟ ಪತ್ರಿಕೆ ‘ಪೋಸ್ಟ್ ಡೆಮೊಕ್ರಾಟ್’ ವಾರವಾರವೂ ಮುಸುಕುಧಾರಿಗಳನ್ನು ಗೇಲಿಮಾಡಿತು. ಹೆದರಿಸಲೆಂದೇ ಹೊದ್ದ ಬಟ್ಟೆ ಹಾಸಿಗೆಯ ಮೇಲುಹೊದಿಕೆಯಂತೆ ಕಂಡುಬಿಟ್ಟರೆ ಅದರ ಮಹಿಮೆ ಎಲ್ಲಿ ಉಳಿಯಿತು? ಡೇಲನ ಮೇಲೆ ಹಲ್ಲೆಯಾಯಿತು, ಸಂಘದ ಕಡೆಗೆ ಒಲಿದ ನ್ಯಾಯಾಧೀಶ ಅವನಿಗೆ ನ್ಯಾಯಾಲಯ ನಿಂದನೆಯ ಶಿಕ್ಷೆ ವಿಧಿಸಿದ, ಜಾಹೀರಾತುಗಳು ನಿಂತವು. ಅವನು ಮಾತ್ರ ನಿಲ್ಲಿಸಲಿಲ್ಲ. 1929ರಲ್ಲಿ ಅದೇ ಊರಿನ ಜನ ಅವನನ್ನು ಮೇಯರನನ್ನಾಗಿ ಆರಿಸಿದರು.

ನಾಲ್ಕನೆಯದು ಕೈಗೆ ಕೈ ಹತ್ತಿಸುವ ದಾರಿ. 1924ರ ಮೇ 17ರಂದು ಸೌತ್ ಬೆಂಡ್ ಪಟ್ಟಣದಲ್ಲಿ ಸಂಘ ಸಮಾವೇಶ ಕರೆದಾಗ, ಸಮೀಪದ ನೋತ್ರ ದಾಮ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಹುಡುಗರು ರೈಲಿನಿಂದ ಇಳಿದವರ ನಿಲುವಂಗಿಗಳನ್ನು ಕಿತ್ತುಕೊಂಡರು. ಸಂಘದ ಕಚೇರಿಯ ಕಿಟಕಿಯಲ್ಲಿ ಉರಿಯುತ್ತಿದ್ದ ವಿದ್ಯುತ್ ಶಿಲುಬೆಯ ಬಲ್ಬುಗಳಿಗೆ ಆಲೂಗಡ್ಡೆಯಿಂದ ಗುರಿಯಿಟ್ಟರು. ಕೇಳುವುದಕ್ಕೆ ಸೊಗಸಾದ ಕಥೆ. ಆದರೆ ಕ್ಯಾಥೊಲಿಕ್ ಪುಂಡರು ಸಜ್ಜನರನ್ನು ಹೊಡೆದರೆಂದು ಸಂಘ ಅದನ್ನೇ ಡಂಗುರ ಹೊಡೆಯಿತು. ಆ ನವೆಂಬರಿನ ಚುನಾವಣೆಯಲ್ಲಿ ಸಂಘದ ಬೆಂಬಲ ಪಡೆದ ಎಡ್ವರ್ಡ್ ಜಾಕ್ಸನ್ ಪ್ರಾಂತದ ಗವರ್ನರನಾದ.

ಅದೇ ವರ್ಷ ಕ್ಯಾನ್ಸಸ್ ಪ್ರಾಂತದಲ್ಲಿ ಎಂಪೋರಿಯಾ ಎಂಬ ಸಣ್ಣ ಊರಿನ ಸಂಪಾದಕ ವಿಲಿಯಂ ಆಲೆನ್ ವೈಟ್ ಸ್ವತಂತ್ರ ಅಭ್ಯರ್ಥಿಯಾಗಿ ಗವರ್ನರ್ ಪದವಿಗೆ ನಿಂತ. ಗೆಲ್ಲುವ ಭ್ರಮೆ ಅವನಿಗಿರಲಿಲ್ಲ. ಎರಡು ದೊಡ್ಡ ಪಕ್ಷಗಳೂ ಸಂಘದ ವಿಷಯದಲ್ಲಿ ಬಾಯಿ ಬಿಗಿಹಿಡಿದಿದ್ದಾಗ ಆ ಹೆಸರನ್ನು ವೇದಿಕೆಯ ಮೇಲೆ ನಿಂತು ಉಚ್ಚರಿಸುವವನೊಬ್ಬ ಬೇಕಿತ್ತು, ಅಷ್ಟೆ. ಸುಮಾರು ಒಂದೂವರೆ ಲಕ್ಷ ಮತ ಪಡೆದು ಮೂರನೆಯ ಸ್ಥಾನಕ್ಕೆ ಸೋತ. ಆದರೆ ಮಾತು ಆಡಿಯಾಗಿತ್ತು. 1925ರ ಆರಂಭದಲ್ಲಿ ಆ ಪ್ರಾಂತದ ಉಚ್ಚ ನ್ಯಾಯಾಲಯ, ಸನದು ಇಲ್ಲದೆ ಸಂಘ ಅಲ್ಲಿ ವ್ಯವಹಾರ ನಡೆಸುವಂತಿಲ್ಲವೆಂದು ತೀರ್ಪಿತ್ತಿತು.

ಇಷ್ಟಾಗಿಯೂ ಇಂಡಿಯಾನಾದಲ್ಲಿ ಸಂಘವನ್ನು ಉರುಳಿಸಿದ್ದು ಯಾವುದು? ಒಬ್ಬ ತರುಣಿಯ ಮರಣಹೇಳಿಕೆ. ಸರಕಾರದ ಶಿಕ್ಷಣ ಇಲಾಖೆಯಲ್ಲಿ ಎಳೆಯರ ವಾಚನಕೂಟದ ಕೆಲಸ ನೋಡಿಕೊಳ್ಳುತ್ತಿದ್ದ 28 ವರ್ಷದ ಮ್ಯಾಜ್ ಓಬರ್‌ಹೋಲ್ಟ್ಜರ್ ಎಂಬಾಕೆಯನ್ನು 1925ರ ಮಾರ್ಚಿನಲ್ಲಿ ಸ್ಟೀಫನ್‌ಸನ್ ಅಪಹರಿಸಿ ಘೋರವಾಗಿ ಹಿಂಸಿಸಿದ. ಆಕೆ ವಿಷ ಸೇವಿಸಿದಳು. ಸಾಯುವ ಮುನ್ನ ನಡೆದದ್ದೆಲ್ಲವನ್ನೂ ವಕೀಲನಿಗೆ ಹೇಳಿ ಬರೆಸಿ ಸಹಿಮಾಡಿದಳು. ಸ್ತ್ರೀಯರ ಮಾನರಕ್ಷಣೆ ತಮ್ಮ ವ್ರತವೆಂದು ಸಾರುತ್ತಿದ್ದ ಸಂಘದ ನಾಯಕ ನೋಬಲ್ಸ್‌ವಿಲ್ ಎಂಬ ಊರಿನ ನ್ಯಾಯಾಲಯದಲ್ಲಿ, ಅದೇ ನವೆಂಬರಿನಲ್ಲಿ, ಕೊಲೆಗಾರನೆಂದು ತೀರ್ಮಾನವಾಗಿ ಸೆರೆಮನೆ ಸೇರಿದ. ಗವರ್ನರ್ ಕ್ಷಮಾದಾನ ಕೊಡದಿದ್ದಾಗ, ತಾನು ಯಾರು ಯಾರನ್ನು ಕೊಂಡಿದ್ದೆನೆಂಬ ಕಾಗದಗಳನ್ನು ಅವನೇ ಹೊರಗೆಡಹಿದ. ಲಕ್ಷಗಳಲ್ಲಿದ್ದ ಸದಸ್ಯ ಸಂಖ್ಯೆ ಕೆಲವೇ ವರ್ಷಗಳಲ್ಲಿ ಕೆಲವು ಸಾವಿರಕ್ಕೆ ಇಳಿಯಿತು.

ಆದರೆ ಇದನ್ನು ಒಳ್ಳೆಯತನದ ಜಯವೆಂದು ಕರೆಯಲು ನನ್ನ ಮನಸ್ಸು ಹಿಂಜರಿಯುತ್ತದೆ. ಜನ ನಾಯಕನ ನಡತೆಗೆ ನಾಚಿದರು. ತಮ್ಮ ನಂಬಿಕೆಗೆ ನಾಚಿದರೆಂದು ಹೇಳಲಾಗದು. ಅಷ್ಟರಲ್ಲಿ ಸಂಘ ಕೇಳಿದ್ದರಲ್ಲಿ ಬಹಳಷ್ಟು ದೇಶದ ಕಾನೂನೇ ಆಗಿತ್ತು. 1924ರ ವಲಸೆ ಕಾಯಿದೆ ದಕ್ಷಿಣ ಮತ್ತು ಪೂರ್ವ ಯೂರೋಪಿನವರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು, ಏಷ್ಯದವರಿಗೆ ಅಗುಳಿಯನ್ನೇ ಜಡಿಯಿತು. ಹಿಂದಿನ ವರ್ಷವೇ, ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ‘ಬಿಳಿಯರು’ ಅಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಇಂದು ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆಂದು ಹೇಳುವ ಕನ್ನಡ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಆ ಬಾಗಿಲು ಅವರಿಗೆ ನಿಜವಾಗಿ ತೆರೆದದ್ದು 1965ರ ಕಾಯಿದೆಯಿಂದ. ಮುಸುಕು ಮಾಯವಾದ ಮೇಲೂ ಅದರ ನೆರಳು ನಾಲ್ಕು ದಶಕ ನಿಂತಿತ್ತು.

ಉಳಿದವರು ಏನಾದರು? ನಿಲುವಂಗಿ ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಎಂದಿನಂತೆ ಅಂಗಡಿ ತೆರೆದರು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸ್ಟೀಫನ್‌ಸನ್ನನ ವಿಚಾರಣೆ ನಡೆದ ಅದೇ ನೋಬಲ್ಸ್‌ವಿಲ್ಲಿನಲ್ಲಿ, 1995ರಲ್ಲಿ, ಹಳೆಯ ಕೊಟ್ಟಿಗೆಯೊಂದರಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಸಂಘದ ಉಡುಪುಗಳು, ಸದಸ್ಯರ ಹೆಸರಿನ ಚೀಟಿಗಳು. ಹೆಸರುಗಳನ್ನು ಬಹಿರಂಗಪಡಿಸಬೇಕೇ ಬೇಡವೇ ಎಂದು ಊರಿನಲ್ಲಿ ದೊಡ್ಡ ವಾದವಾಯಿತು. ಕೊನೆಗೆ ಸ್ಥಳೀಯ ಇತಿಹಾಸ ಸಂಘ ಅವನ್ನು ಎಲ್ಲರಿಗೂ ತೆರೆದಿಡಲಿಲ್ಲ. ಎಪ್ಪತ್ತು ವರ್ಷಗಳ ಹಿಂದಿನ ಚೀಟಿಗಳಿಗೆ ಒಂದು ಊರು ಇನ್ನೂ ಅಂಜಬೇಕಾದರೆ, ಅವುಗಳಲ್ಲಿ ಇದ್ದದ್ದು ಅಪರಿಚಿತರ ಹೆಸರುಗಳಲ್ಲ ಎಂದೇ ಅರ್ಥ. ಅವು ಅಜ್ಜಂದಿರ ಹೆಸರುಗಳು.

ಇದಕ್ಕಿಂತ ಭಿನ್ನವಾದ ಉತ್ತರ ಸಾಧ್ಯವೇ? ಒಂದು ಉದಾಹರಣೆಯನ್ನಷ್ಟೇ ಹೇಳುತ್ತೇನೆ. ಮೊಂಟಾನಾ ಪ್ರಾಂತದ ಬಿಲ್ಲಿಂಗ್ಸ್, ಸುಮಾರು 80 ಸಾವಿರ ಜನರ ಪಟ್ಟಣ. 1993ರಲ್ಲಿ ಅಲ್ಲಿ ಹೊಸ ಪೀಳಿಗೆಯ ದ್ವೇಷಗುಂಪುಗಳ ಕರಪತ್ರಗಳು ಕಾಣಿಸಿಕೊಂಡವು. ಮೂಲನಿವಾಸಿ ಮಹಿಳೆಯೊಬ್ಬಳ ಮನೆಗೋಡೆಯ ಮೇಲೆ ಹೊಲಸು ಬರೆದಾಗ, ಬಣ್ಣ ಬಳಿಯುವ ಕೆಲಸಗಾರರ ಸಂಘದ ಮೂವತ್ತರಷ್ಟು ಮಂದಿ ಬಂದು ಮುಕ್ಕಾಲು ಗಂಟೆಯಲ್ಲಿ ಅದನ್ನು ಅಳಿಸಿ ಹೊಸ ಬಣ್ಣ ಹಚ್ಚಿದರು. ಕಪ್ಪು ಜನರ ಪುಟ್ಟ ಚರ್ಚಿಗೆ ಪುಂಡರು ನುಗ್ಗಿ ಹಿಂದೆ ನಿಂತು ಹೆದರಿಸಿದಾಗ, ಬೇರೆ ಚರ್ಚುಗಳವರು ಬಂದು ಅಲ್ಲಿನ ಬೆಂಚುಗಳನ್ನು ತುಂಬಿದರು. ಡಿಸೆಂಬರಿನಲ್ಲಿ ಯೆಹೂದ್ಯ ಕುಟುಂಬವೊಂದರ ಐದು ವರ್ಷದ ಮಗುವಿನ ಕೋಣೆಯ ಕಿಟಕಿಗೆ, ಹಬ್ಬದ ಕವಲುದೀಪ ಕಾಣುತ್ತಿದ್ದ ಆ ಕಿಟಕಿಗೆ, ಕಲ್ಲು ಬಿದ್ದಿತು. ‘ಬಿಲ್ಲಿಂಗ್ಸ್ ಗೆಜೆಟ್’ ಪತ್ರಿಕೆ ಪೂರ್ಣ ಪುಟದಲ್ಲಿ ಕವಲುದೀಪದ ಚಿತ್ರ ಅಚ್ಚುಹಾಕಿತು. ಕ್ರೈಸ್ತರ ಮನೆಗಳ ಸಾವಿರಾರು ಕಿಟಕಿಗಳಲ್ಲಿ ಆ ಚಿತ್ರ ಮೂಡಿತು. ಅಂಥ ಕೆಲವು ಕಿಟಕಿಗಳೂ ಒಡೆದವು. ಒಡೆದಷ್ಟೂ ಚಿತ್ರಗಳು ಹೆಚ್ಚಾದವು. ಎಲ್ಲ ಕಿಟಕಿಗೂ ಕಲ್ಲು ಹೊಡೆಯುವಷ್ಟು ಕೈಗಳು ಆ ಗುಂಪಿನಲ್ಲಿರಲಿಲ್ಲ. ಉಪಟಳ ತಗ್ಗಿತು.

ಎರಡು ಕಾಲಗಳ ನಡುವಣ ಅಂತರ ನನಗೆ ಇಲ್ಲಿ ಕಾಣುತ್ತದೆ. 1920ರ ದಶಕದ ಕ್ಲೀಗಲ್ ಮಾರಿದ್ದು ದ್ವೇಷವನ್ನಾದರೂ, ಜನ ಹಣ ತೆತ್ತು ಕೊಂಡದ್ದು ಒಡನಾಟವನ್ನು: ಒಂದು ಹಾಡು, ಒಂದು ಊಟ, ನಾವೆಲ್ಲ ಒಂದು ಎಂಬ ಬೆಚ್ಚನೆಯ ಭಾವ. ಅದಕ್ಕೆದುರಾಗಿ ಸಜ್ಜನರು ಲೇಖನ ಕೊಟ್ಟರು, ಪಟ್ಟಿ ಕೊಟ್ಟರು, ತೀರ್ಪು ಕೊಟ್ಟರು. ಎಲ್ಲವೂ ಅಗತ್ಯವೇ, ಡೇಲ್, ವೈಟ್ ಅಂಥವರಿಲ್ಲದಿದ್ದರೆ ಆ ಕಾಲದ ಕತ್ತಲೆ ಇನ್ನೂ ಗಾಢವಾಗಿರುತ್ತಿತ್ತು. ಆದರೆ ದೀಪ ಆರಿಸಿ ಕುಳಿತ ಆ ಮನೆಯ ಬಾಗಿಲಿಗೆ ಹೋಗಿ, ‘ನಾವಿದ್ದೇವೆ’ ಎಂದು ಹೇಳಿದ ನೆರೆಯವರು ಬಹಳ ಕಡಮೆ. ಬಿಲ್ಲಿಂಗ್ಸಿನ ಬಣ್ಣದ ಕೆಲಸಗಾರರು ಭಾಷಣ ಮಾಡಲಿಲ್ಲ. ಕುಂಚ ಹಿಡಿದು ಬಂದರು. ರಸೀದಿ ಪುಸ್ತಕದವನು ಯಾವ ಊರಿಗಾದರೂ ಬಂದಾನು. ಅವನು ಬರುವ ಮೊದಲೇ ಆ ಬೀದಿಯ ಮನೆಗಳವರು ಒಬ್ಬರ ಬಾಗಿಲನ್ನು ಒಬ್ಬರು ತಟ್ಟಿ ಬಲ್ಲವರಾಗಿದ್ದರೆ, ಅವನ ಬಳಿ ಮಾರುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.