ಡಿಎಫ್ ವರದಿಯನ್ನು ಓದುವವರು ಯಾರು? ಎಲೆಕ್ಟ್ರಾನಿಕ್ ಸಿಟಿಯ ಡಿಸ್ಕ್ ಸ್ಕ್ರಿಪ್ಟುಗಳ ಹಿನ್ನೆಲೆ

1971ರ ನವೆಂಬರ್ 3ರ ಯೂನಿಕ್ಸ್ ಮೊದಲ ಕೈಪಿಡಿಯಲ್ಲೇ ‘ಡಿಎಫ್’ ಇತ್ತು. ಡಿಸ್ಕಿನಲ್ಲಿ ಎಷ್ಟು ಬ್ಲಾಕ್ ಖಾಲಿ ಇದೆ ಎಂದು ಹೇಳುವುದಷ್ಟೇ ಅದರ ಕೆಲಸ. ಟೆಲಿಟೈಪ್ ಮುಂದೆ ಕೂತವರು ಅದನ್ನು ಓದಿ, ಬೇಡದ ಫೈಲುಗಳನ್ನು ಅಳಿಸುತ್ತಿದ್ದರು. 1979ರ ಏಳನೇ ಆವೃತ್ತಿಯಲ್ಲಿ ಬೋರ್ನ್ ಶೆಲ್, ಸಾಲುಗಳನ್ನು ಅಂಕಣಗಳಾಗಿ ಒಡೆದು ಓದುವ ಆಕ್, ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್ ಮೂರೂ ಒಟ್ಟಿಗೆ ಸಿಕ್ಕವು. ಡಿಎಫ್‌ನ ಸಾಲುಗಳನ್ನು ಇನ್ನೊಂದು ಪ್ರೋಗ್ರಾಮ್ ಓದುವ ದಾರಿ ತೆರೆಯಿತು. ಕಣ್ಣಿಗೆಂದು ಹಾಕಿದ ಕೋಷ್ಟಕವನ್ನು ಯಂತ್ರಕ್ಕೆ ಓದಿಸಹೊರಟದ್ದೇ ಮುಂದಿನ ದಶಕಗಳ ತಾಪತ್ರಯಗಳ ಮೂಲ ಎಂಬುದು ಈ ಲೇಖನದ ವಾದ.

ಆ ತಾಪತ್ರಯ ದಟ್ಟವಾಗಿ ಕಂಡದ್ದು ಬೆಂಗಳೂರಿನ ಹೊರವಲಯದಲ್ಲಿ. 1976ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್, ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಸುತ್ತ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. 1994ರಲ್ಲಿ ಇನ್ಫೋಸಿಸ್ ಅಲ್ಲಿಗೆ ಬಂತು. ಪರದೇಶದ ಗ್ರಾಹಕರ ಸರ್ವರ್‌ಗಳನ್ನು ಇಲ್ಲಿಂದಲೇ ನೋಡಿಕೊಳ್ಳುವ ಕೆಲಸ ಬೆಳೆದಂತೆ, ಶಿಫ್ಟ್ ಬದಲಾಗುವ ಮುನ್ನ ಮೇಲ್‌ಗೆ ಬರುವ ಡಿಸ್ಕ್ ವರದಿ ದಿನಚರಿಯಾಯಿತು.

ಒಂದೇ ತಂಡದ ಕೈಯಲ್ಲಿ ಐಬಿಎಂನ ಎಐಎಕ್ಸ್, ಎಚ್‌ಪಿಯ ಎಚ್‌ಪಿ-ಯುಎಕ್ಸ್, ಲಿನಕ್ಸ್ ಮೂರೂ ಇದ್ದರೆ ಕತೆ ಬೇರೆಯೇ. ಲಿನಕ್ಸ್‌ನಲ್ಲಿ ಶೇಕಡಾ ಬಳಕೆ ಐದನೇ ಅಂಕಣ; ಎಐಎಕ್ಸ್‌ನಲ್ಲಿ ನಾಲ್ಕನೆಯದು. ಅಲ್ಲಿ ಐದನೆಯದು ಬಳಕೆಯಾದ ಐನೋಡ್‌ಗಳ ಎಣಿಕೆ. ‘ಐದನೇ ಅಂಕಣ 90 ದಾಟಿದರೆ ಎಚ್ಚರಿಸು’ ಎಂದು ಬರೆದ ಆಕ್ ಸಾಲು ಲಿನಕ್ಸ್‌ನಲ್ಲಿ ಸರಿ, ಎಐಎಕ್ಸ್‌ನಲ್ಲಿ ಬಾಯಿಬಡುಕ. ಎಚ್‌ಪಿ-ಯುಎಕ್ಸ್‌ನ ಡಿಎಫ್ ರೂಪವೇ ಬೇರೆ, ಹಾಗಾಗಿ ಅಲ್ಲಿ ಸಾಮಾನ್ಯವಾಗಿ ‘ಬಿಡಿಎಫ್’ ಬಳಸುತ್ತಿದ್ದರು. ವಾಲ್ಯೂಮ್ ಹೆಸರು ಉದ್ದವಾದರೆ ಅದು ಒಂದು ಸಾಲನ್ನು ಎರಡಾಗಿ ಮುರಿಯುತ್ತಿತ್ತು. ಎರಡನೇ ಸಾಲಿನಲ್ಲಿ ಅಂಕಣಗಳೆಲ್ಲ ಒಂದೊಂದು ಸ್ಥಾನ ಹಿಂದೆ ಸರಿದು, ತುಂಬಿದ ಡಿಸ್ಕ್ ವರದಿಯಿಂದಲೇ ಜಾರಿಹೋಗುತ್ತಿತ್ತು. ಎಚ್ಚರಿಕೆ ಬಾರದಿರುವುದು ಸುಳ್ಳು ಎಚ್ಚರಿಕೆಗಿಂತ ಅಪಾಯ.

ಇದಕ್ಕೆ ಮದ್ದು ಆಗಲೇ ಇತ್ತು. 1992ರ ಪಾಸಿಕ್ಸ್ ಮಾನದಂಡ ‘ಪಿ’ ಆಯ್ಕೆಯನ್ನು ಕೊಟ್ಟು, ಒಂದು ಫೈಲ್ ಸಿಸ್ಟಮ್‌ಗೆ ಒಂದೇ ಸಾಲು ಎಂದು ಕಟ್ಟು ಹಾಕಿತು. ಅಳತೆಯ ಜಗಳ ಮಾತ್ರ ತೀರಲಿಲ್ಲ. ಮಾನದಂಡ 512 ಬೈಟ್ ಎಂದರೆ ಗ್ನೂ ಬಣ 1024 ಎಂದಿತು. ಮಾನದಂಡವನ್ನು ಪಾಲಿಸಲೇಬೇಕೆನ್ನುವವರಿಗಾಗಿ ಗ್ನೂ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ಮೊದಲು ‘ಪಾಸಿಕ್ಸ್ ಮಿ ಹಾರ್ಡರ್’ ಎಂಬ ಕುಹಕದ ಹೆಸರಿನ ವೇರಿಯಬಲ್ ಇಟ್ಟಿದ್ದರು.

ಅಂಕಣ ಸರಿಯಾದರೂ ಸಂಖ್ಯೆ ಹಾದಿ ತಪ್ಪಿಸಬಹುದು. ಎಕ್ಸ್‌ಟ್ ಫೈಲ್ ಸಿಸ್ಟಮ್ ರೂಟ್‌ಗೆಂದು ಸಾಮಾನ್ಯವಾಗಿ ಶೇ. 5 ಜಾಗ ಕಾದಿರಿಸುವುದರಿಂದ, ಬಳಸಿದ್ದು ಮತ್ತು ಉಳಿದದ್ದು ಕೂಡಿದರೆ ಒಟ್ಟು ಬರದು. ಅಳಿಸಿದ ಲಾಗ್ ಫೈಲನ್ನು ಯಾವುದೋ ಪ್ರೋಸೆಸ್ ತೆರೆದೇ ಇಟ್ಟಿದ್ದರೆ, ಫೈಲುಗಳ ಗಾತ್ರ ಕೂಡಿಸುವ ‘ಡಿಯು’ಗೆ ಅದು ಕಾಣದು, ಡಿಎಫ್ ಲೆಕ್ಕದಲ್ಲಿ ಇರುತ್ತದೆ. ಎನ್‌ಎಫ್‌ಎಸ್ ಸರ್ವರ್ ಸತ್ತರಂತೂ ಡಿಎಫ್ ಸುಮ್ಮನೆ ನಿಂತುಬಿಡುತ್ತದೆ. ಅದರ ಹಿಂದೆ ಕ್ರಾನ್ ಕೆಲಸಗಳು ಸಾಲುಗಟ್ಟುತ್ತವೆ.

ಯಂತ್ರವೂ ಓದುಗನೆಂದು ಉಪಕರಣಗಳು ಒಪ್ಪಿದ್ದು ತಡವಾಗಿ. 2013ರಲ್ಲಿ ಗ್ನೂ ಡಿಎಫ್ ಬೇಕಾದ ಅಂಕಣಗಳನ್ನಷ್ಟೇ ಆರಿಸುವ ‘ಔಟ್‌ಪುಟ್’ ಆಯ್ಕೆ ಪಡೆಯಿತು. ಡಿಸ್ಕುಗಳನ್ನು ಪಟ್ಟಿ ಮಾಡುವ ‘ಎಲ್‌ಎಸ್‌ಬಿಎಲ್‌ಕೆ’ 2015ರಲ್ಲಿ, ವಾಲ್ಯೂಮ್‌ಗಳನ್ನು ನಿರ್ವಹಿಸುವ ಎಲ್‌ವಿಎಂ 2016ರಲ್ಲಿ ಜೇಸನ್ ರೂಪದಲ್ಲೂ ವರದಿ ಕೊಡತೊಡಗಿದವು. ಅಷ್ಟರಲ್ಲಿ, ಬರೆದಂತೆಲ್ಲ ಹಂಚಿಕೆಯ ಪೂಲ್‌ನಿಂದ ಜಾಗ ಪಡೆಯುವ ಥಿನ್ ವಾಲ್ಯೂಮ್‌ಗಳು ಬಳಕೆಗೆ ಬಂದಿದ್ದವು. ಅವುಗಳ ಮೇಲಿನ ಫೈಲ್ ಸಿಸ್ಟಮ್ ಶೇ. 40 ತುಂಬಿದೆ ಎಂದು ಡಿಎಫ್ ಹೇಳುತ್ತಿರುವಾಗಲೇ ಕೆಳಗಿನ ಪೂಲ್ ಪೂರ್ತಿ ತುಂಬಿ ಬರಹ ನಿಲ್ಲಬಹುದು. ಅದನ್ನು ಹಿಡಿಯಲು ಎಲ್‌ವಿಎಂನ ‘ಎಲ್‌ವಿಎಸ್’ ಆದೇಶದ ಡೇಟಾ ಶೇಕಡಾ ಅಂಕಣವನ್ನು ಬೇರೆಯಾಗಿಯೇ ಓದಬೇಕು.