ರೆಸಿಡೆಂಟ್ ಸಾಹೇಬರ ಮನೆಗೆ ನಕ್ಷೆ ಬರೆದವರು

ಗುಬ್ಬಿಯ ಟೀ ಅಂಗಡಿಯಲ್ಲಿ ಒಬ್ಬರು ಕೇಳಿದರು: "ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂತಲ್ಲ, ಅಂಥ ಕಟ್ಟಡಕ್ಕೆ ಇಂಜಿನಿಯರನ್ನ ಯಾರು ಆರಿಸ್ತಾರೆ?" ಉತ್ತರ ಹುಡುಕಲು 200 ವರ್ಷ ಹಿಂದೆ ಹೋಗಬೇಕು, ನಮ್ಮ ಮೈಸೂರಿಗೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯದಲ್ಲಿ ಉಳಿದವು. ಆಡಳಿತ ದಿವಾನ್ ಪೂರ್ಣಯ್ಯನವರದು. ಪಕ್ಕದಲ್ಲೇ ಕಂಪನಿಯ ರೆಸಿಡೆಂಟ್. ಹೆಸರಿಗೆ ರಾಯಭಾರಿ, ನಿಜಕ್ಕೆ ಕಾವಲುಗಾರ. ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕಿತ್ತು. ನಮ್ಮ ಮುತ್ತಜ್ಜಂದಿರ ಕಂದಾಯವೂ ಅದರಲ್ಲೇ ಹೋಯಿತು.

ಆ ರೆಸಿಡೆಂಟ್‌ಗಾಗಿ ಎದ್ದದ್ದೇ ಮೈಸೂರಿನ ಇಂದಿನ ಸರ್ಕಾರಿ ಭವನ. ದಸರಾಕ್ಕೆ ಹೋದವರು ನೋಡಿರಬಹುದು. ಮುಂಭಾಗ 1805ರ ಸುಮಾರಿಗೆ ಜಾನ್ ಮಾಲ್ಕಂ ಕಾಲದ್ದು ಎನ್ನುತ್ತದೆ ಗೆಜೆಟಿಯರ್. ಹಿಂದಿನ ಕಂಬವಿಲ್ಲದ ದೊಡ್ಡ ಹಜಾರ ಮದ್ರಾಸ್ ಸೇನೆಯ ಇಂಜಿನಿಯರ್ ಡಿ ಹ್ಯಾವಿಲೆಂಡನದು. ಕೋಟೆ, ಸೇತುವೆ ಕಟ್ಟುವವನೇ ಆಗ ಬಂಗಲೆಗೂ ಚರ್ಚಿಗೂ ನಕ್ಷೆ ಬರೆಯುತ್ತಿದ್ದ. ಇವನು 1808ರಲ್ಲಿ ಶ್ರೀರಂಗಪಟ್ಟಣದ ತನ್ನ ತೋಟದಲ್ಲಿ 100 ಅಡಿಗೂ ಅಗಲದ ಇಟ್ಟಿಗೆ ಕಮಾನು ಎಬ್ಬಿಸಿದ್ದ, ಕಾವೇರಿಗೆ ಇಂಥ ಸೇತುವೆ ಆಗುತ್ತದೆ ಎಂದು ತೋರಿಸಲು. ಸೇತುವೆ ಆಗಲಿಲ್ಲ, ಕಮಾನು ಮಾತ್ರ 1937ರವರೆಗೆ ನಿಂತಿತ್ತು. ಕೆಲಸ ಕೇಳಲು ಅದಕ್ಕಿಂತ ದೊಡ್ಡ ಅರ್ಜಿ ಬೇಕೆ?

ಹಣದ ಮಾತು ತಿಳಿಯಲು ಹೈದರಾಬಾದ್ ನೋಡಿ. ರಾಯಚೂರು, ಕಲಬುರಗಿಗಳನ್ನೂ ಆಳುತ್ತಿದ್ದ ನಿಜಾಮನ ಆಸ್ಥಾನದಲ್ಲಿ ಕರ್ಕ್‌ಪ್ಯಾಟ್ರಿಕ್ ರೆಸಿಡೆಂಟ್. ಮನೆಗೆ ಜಾಗ ಬೇಕೆಂದು ದೊಡ್ಡ ನಕ್ಷೆ ಹಾಸಿದ. ನಿಜಾಮ ಖಡಾಖಂಡಿತ ಒಲ್ಲೆ ಎಂದ. ಆ ಹಾಳೆ ತನ್ನ ರಾಜ್ಯದ ನಕ್ಷೆಯಷ್ಟೇ ದೊಡ್ಡದಿದ್ದದ್ದು ನೋಡಿ ಹೆದರಿದ್ದನಂತೆ! ಅದೇ ಜಾಗವನ್ನು ಪುಟ್ಟ ಚೀಟಿಯಲ್ಲಿ ಬರೆದು ತಂದಾಗ ಒಪ್ಪಿದ ಎಂಬ ಕಥೆಯಿದೆ. ಕಟ್ಟಡದ ಖರ್ಚೂ ನಿಜಾಮನದೇ. ನಕ್ಷೆ ಬರೆದವನು ಅಲ್ಲೂ ಮದ್ರಾಸ್ ಸೇನಾ ಇಂಜಿನಿಯರ್, ಸ್ಯಾಮ್ಯುಯೆಲ್ ರಸೆಲ್. ರೋಮನ್ ಕಂಬಗಳ ಆ ಅರಮನೆ ಕೋಠಿಯಲ್ಲಿ ಇಂದೂ ಇದೆ. ನಿಜಾಮನ ಅರಮನೆಗೆ ಸವಾಲು ಹಾಕಿದ ಹಾಗೆ ಕಾಣುತ್ತದೆ ನನಗೆ.

ಇನ್ನು ಅಮೆರಿಕದವರ ರೀತಿ. 1954ರಲ್ಲಿ ಅವರ ವಿದೇಶಾಂಗ ಇಲಾಖೆ ಹೆಸರಾಂತ ವಾಸ್ತುಶಿಲ್ಪಿಗಳ ಸಲಹಾ ಸಮಿತಿ ಮಾಡಿತು. ಕಟ್ಟಡ ಆಯಾ ದೇಶದ ಹವೆಗೆ, ಜನರ ರೂಢಿಗೆ ಹೊಂದಬೇಕು ಎಂಬ ಸೂಚನೆಯೂ ಇತ್ತು. ದೆಹಲಿಯ ರಾಯಭಾರ ಕಚೇರಿಯ ಕೆಲಸ ಎಡ್ವರ್ಡ್ ಡ್ಯುರೆಲ್ ಸ್ಟೋನ್‌ಗೆ ಸಿಕ್ಕಿತು. ಅವನು ಬಿಸಿಲು ತಡೆಯಲು ಸುತ್ತ ಜಾಲಿ ಗೋಡೆ, ನಡುವೆ ನೀರಿನ ಕೊಳ ಇಟ್ಟ. 1959ರಲ್ಲಿ ಅದು ತೆರೆಯಿತು.

ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದದ್ದು ಒಂದು ಹೋಟೆಲಿನಲ್ಲಿ.