ಸಾಕ್ಷಿ ಸಮೇತ ಸಿಂಕಿಗೆ

ಇಲ್ಲಿ ಅಮೆರಿಕದಲ್ಲಿ ನರ್ಸಿಂಗ್ ಓದುತ್ತಿರುವ ಗೆಳತಿಯೊಬ್ಬಳು ಹೇಳಿದ್ದು. ರೋಗಿಗೆ ಮಾರ್ಫಿನ್ ಕೊಟ್ಟ ಮೇಲೆ ಸೀಸೆಯಲ್ಲಿ ಸ್ವಲ್ಪ ಉಳಿದರೆ ಒಬ್ಬರೇ ಚೆಲ್ಲುವ ಹಾಗಿಲ್ಲವಂತೆ. ಇನ್ನೊಬ್ಬ ನರ್ಸ್ ಪಕ್ಕದಲ್ಲಿ ನಿಂತು ನೋಡಬೇಕು, ಇಬ್ಬರ ಹೆಸರೂ ದಾಖಲಾಗಬೇಕು. ಇದಕ್ಕೆ ಅವರ ಭಾಷೆಯಲ್ಲಿ ‘ವೇಸ್ಟಿಂಗ್’ ಅಂತ ಹೆಸರು. ಇಷ್ಟೆಲ್ಲಾ ಶಿಸ್ತಿನಿಂದ ಚೆಲ್ಲುತ್ತಿದ್ದದ್ದು ಎಲ್ಲಿಗೆ ಅಂದ್ರೆ, ವರ್ಷಾನುಗಟ್ಟಲೆ ಬಹಳಷ್ಟು ಆಸ್ಪತ್ರೆಗಳಲ್ಲಿ ಸಿಂಕಿಗೆ!

ಔಷಧಿಯ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರೇ ಹೀಗೆ ಮಾಡೋದು ಯಾಕೆ ಅಂತ ಹುಡುಕುತ್ತಾ ಹೋದರೆ ಕಥೆ 1970ಕ್ಕೆ ಹೋಗಿ ನಿಲ್ಲುತ್ತೆ. ಆ ವರ್ಷ ಅಮೆರಿಕದಲ್ಲಿ ‘ಕಂಟ್ರೋಲ್ಡ್ ಸಬ್‌ಸ್ಟೆನ್ಸಸ್ ಆಕ್ಟ್’ ಬಂತು. ಮಾದಕ ಗುಣವಿರುವ ಔಷಧಿಗಳು ತಯಾರಕರಿಂದ ಅಂಗಡಿಗೆ, ಅಂಗಡಿಯಿಂದ ರೋಗಿಗೆ ಹೋಗುವ ಪ್ರತಿ ಹೆಜ್ಜೆಗೂ ಲೆಕ್ಕ ಇಡುವ ಕಾನೂನು ಅದು. ಆದರೆ ರೋಗಿಯಿಂದ ವಾಪಸ್ ಬರುವ ದಾರಿಯನ್ನೇ ಬರೆದಿರಲಿಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಫಂಕ್ಷನ್ನಿನ ರಿಟರ್ನ್ ಟೈಪ್ ವಾಯ್ಡ್ :) ನಿಮ್ಮ ಅಜ್ಜಿ ತೀರಿಕೊಂಡ ಮೇಲೆ ಉಳಿದ ನೋವಿನ ಮಾತ್ರೆಗಳನ್ನು ತಂದ ಅಂಗಡಿಗೇ ಹಿಂತಿರುಗಿಸಲು ಹೋದರೆ ಅವರು ತೆಗೆದುಕೊಳ್ಳುವಂತಿರಲಿಲ್ಲ. ಪೊಲೀಸರು ತೆಗೆದುಕೊಳ್ಳಬಹುದಿತ್ತು ನಿಜ, ಆದರೆ ನಾಲ್ಕು ಮಾತ್ರೆ ಹಿಡಿದುಕೊಂಡು ಠಾಣೆಗೆ ಹೋಗೋರು ಯಾರು ಹೇಳಿ? ಉಳಿದದ್ದು ಕಸದ ಬುಟ್ಟಿ ಮತ್ತು ಕಕ್ಕಸು. ಆಸ್ಪತ್ರೆಯವರಿಗೂ ಮನೆಯವರಿಗೂ ಅದೇ ಅಭ್ಯಾಸವಾಯಿತು.

ನೀರಿಗೆ ಏನಾಗ್ತಿದೆ ಅಂತ ನೋಡಿದ್ದು ತುಂಬಾ ತಡವಾಗಿ. 1999 ಮತ್ತು 2000ದಲ್ಲಿ ಅಮೆರಿಕದ ಭೂಗರ್ಭ ಸಮೀಕ್ಷೆಯವರು 30 ರಾಜ್ಯಗಳ 139 ಹೊಳೆ-ತೊರೆಗಳ ನೀರನ್ನು ಪರೀಕ್ಷಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾದಾಗ ಶೇಕಡಾ 80ರಷ್ಟು ಕಡೆ ಔಷಧಿ, ಹಾರ್ಮೋನು, ಸೋಪಿನ ರಾಸಾಯನಿಕ ಹೀಗೆ ಏನಾದರೊಂದು ಸಿಕ್ಕಿತ್ತು. ಇದೆಲ್ಲಾ ಬಿಸಾಡಿದ ಮಾತ್ರೆಯದ್ದೇ ಅಲ್ಲ. ನುಂಗಿದ ಔಷಧಿಯೂ ಮೂತ್ರದಲ್ಲಿ ಹೊರಗೆ ಬರುತ್ತೆ, ಅದರ ಪಾಲೇ ದೊಡ್ಡದು. ಆದರೆ ನುಂಗದೇ ಇರೋಕೆ ಆಗಲ್ಲ, ಸುರಿಯದೇ ಇರೋಕಂತೂ ಆಗುತ್ತೆ ಅಲ್ವಾ?

2007ರಲ್ಲಿ ಶ್ವೇತಭವನದ ಮಾದಕವಸ್ತು ನಿಯಂತ್ರಣ ಕಚೇರಿ ಹೊಸ ಸಲಹೆ ಕೊಟ್ಟಿತು: ಮಾತ್ರೆಯನ್ನು ಕಾಫಿ ಗಸಿಯ ಜೊತೆಗೋ, ಬೆಕ್ಕಿನ ಕಕ್ಕಸಿಗೆ ಹಾಕುವ ಮಣ್ಣಿನ ಜೊತೆಗೋ ಕಲಸಿ, ಮುಚ್ಚಿದ ಡಬ್ಬಿಯಲ್ಲಿ ಕಸಕ್ಕೆ ಹಾಕಿ ಅಂತ. ಕಾಫಿ ಗಸಿಗೆ ಇಂಥ ಗೌರವ ನಮ್ಮ ಚಿಕ್ಕಮಗಳೂರಿನಲ್ಲೂ ಸಿಕ್ಕಿರಲಿಕ್ಕಿಲ್ಲ ಬಿಡಿ.

ಕೊನೆಗೆ ಬಾಗಿಲು ತೆರೆಸಿದ್ದು ಮೀನಲ್ಲ, ಮನುಷ್ಯರ ಸಾವು. ಆ ಹೊತ್ತಿಗೆ ವೈದ್ಯರು ಧಾರಾಳವಾಗಿ ಬರೆದುಕೊಟ್ಟ ನೋವಿನ ಮಾತ್ರೆಗಳು ಮನೆಮನೆಯ ಬಾತ್‌ರೂಮ್ ಕಪಾಟಿನಲ್ಲಿ ತುಂಬಿದ್ದವು. ಹದಿಹರೆಯದ ಹುಡುಗರ ಕೈಗೆ ಸುಲಭವಾಗಿ ಸಿಗುತ್ತಿದ್ದದ್ದೂ ಅವೇ. 2010ರ ಸೆಪ್ಟೆಂಬರ್ 25ರಂದು ಡಿಇಎ, ಅಂದರೆ ಮಾದಕವಸ್ತು ತಡೆ ಇಲಾಖೆ, ಮೊದಲ ಬಾರಿಗೆ ದೇಶವ್ಯಾಪಿ ‘ಟೇಕ್ ಬ್ಯಾಕ್’ ದಿನ ನಡೆಸಿತು. ಒಂದೇ ದಿನದಲ್ಲಿ ಬಂದ ಔಷಧಿ ಸುಮಾರು 2 ಲಕ್ಷ 42 ಸಾವಿರ ಪೌಂಡ್, ಅಂದರೆ ನೂರು ಟನ್ನಿಗೂ ಹೆಚ್ಚು! ಮರು ತಿಂಗಳೇ ಹಿಂತಿರುಗಿಸಲು ದಾರಿ ಮಾಡುವ ಕಾನೂನಿಗೆ ಸಹಿ ಬಿತ್ತು. ಆದರೂ ಅಂಗಡಿಯೊಳಗೆ ಸಂಗ್ರಹದ ಪೆಟ್ಟಿಗೆ ಇಡೋಕೆ ನಿಯಮ ಬಂದಿದ್ದು 2014ರಲ್ಲಿ. ಆಸ್ಟ್ರೇಲಿಯಾದವರು 1998ರಿಂದಲೇ ಅಂಗಡಿಗಳ ಮೂಲಕ ಹಿಂದಕ್ಕೆ ಪಡೆಯುತ್ತಿದ್ದರು, ಇಲ್ಲಿಯವರಿಗೆ ಇಷ್ಟು ವರ್ಷ ಯಾಕೆ ಬೇಕಾಯ್ತೋ.

ಇನ್ನು ಸಿಂಕು. 2019ರ ಆಗಸ್ಟ್‌ನಿಂದ ಇಪಿಎ ನಿಯಮದ ಪ್ರಕಾರ ಆಸ್ಪತ್ರೆಗಳು ಅಪಾಯಕಾರಿ ತ್ಯಾಜ್ಯ ಅನ್ನಿಸಿಕೊಂಡ ಔಷಧಿಯನ್ನು ಚರಂಡಿಗೆ ಬಿಡುವಂತಿಲ್ಲ. ಆ ವರ್ಗಕ್ಕೆ ಸೇರದ ಔಷಧಿ ಎಷ್ಟೋ ಇವೆ, ಅವುಗಳ ವಿಷಯದಲ್ಲಿ ಬೇಡ ಅಂತ ಬುದ್ಧಿವಾದ ಮಾತ್ರ.

ನಮ್ಮ ದೇಶದಲ್ಲಿ? ಆಸ್ಪತ್ರೆಗಳಿಗೆ 1998ರಿಂದ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ಇದೆ. 2016ರ ನಿಯಮದಲ್ಲಿ ಅವಧಿ ಮೀರಿದ ಔಷಧಿ ಹಳದಿ ಚೀಲಕ್ಕೆ. ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳು ಪರೀಕ್ಷೆಗೆ ಈ ಬಣ್ಣಗಳನ್ನು ಬಾಯಿಪಾಠ ಮಾಡ್ತಾರೆ. ಆದರೆ ಅವರನ್ನೇ ‘ಮನೆಯಲ್ಲಿ ಏನು ಮಾಡ್ತೀರಿ’ ಅಂತ ಕೇಳಿದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಉತ್ತರ ಕಸದ ಬುಟ್ಟಿ. ಅವರನ್ನು ಬೈದು ಏನು ಪ್ರಯೋಜನ, ಮನೆಗೆ ಹಳದಿ ಚೀಲ ಕೊಟ್ಟವರಾರು? 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಒಂದು ಮಾರ್ಗಸೂಚಿ ಹೊರಡಿಸಿ, ಬೇರೆಯವರ ಕೈಗೆ ಸಿಕ್ಕರೆ ಪ್ರಾಣಕ್ಕೇ ಅಪಾಯವಾಗುವ 17 ಔಷಧಿಗಳನ್ನು ಕಕ್ಕಸಿಗೇ ಹಾಕಿ ಅಂದಿತು. ಅಮೆರಿಕದಲ್ಲೂ ಇಂಥ ಪಟ್ಟಿ ಇದೆ, ಆದರೆ ಅಲ್ಲಿ ಅದು ಹಿಂತಿರುಗಿಸುವ ದಾರಿ ಸಿಗದಿದ್ದಾಗ ಮಾತ್ರ. ಕೇರಳದವರು ಅದೇ ವರ್ಷ ಕೋಳಿಕ್ಕೋಡಿನಲ್ಲಿ ಮನೆಗಳಿಂದ ಹಳೆ ಔಷಧಿ ಸಂಗ್ರಹಿಸೋಕೆ ಶುರು ಮಾಡಿದ್ದಾರೆ.

ಬೆಂಗಳೂರಿನಲ್ಲಿ ಚರಂಡಿಗೆ ಬಿದ್ದದ್ದು ಬೆಂಗಳೂರಲ್ಲೇ ನಿಲ್ಲಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಗರದ ಕೊಳಚೆ ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧವಾಗಿ ಕೋಲಾರದ ಕೆರೆಗಳಿಗೆ ಹೋಗ್ತಿದೆ. ಅಂತರ್ಜಲ ಹೆಚ್ಚಲಿ ಅಂತಲೇ ಕೆರೆ ತುಂಬಿಸೋದು, ಅಂದರೆ ಅದು ನಾಳೆ ಯಾರದೋ ಬೋರ್‌ವೆಲ್‌ನಲ್ಲಿ ಬರುವ ನೀರು.